ಬಟಾನ್‌ನಿಂದ ನಿನ್ ತುವಾನ್‌ವರೆಗೆ: ಆಗ್ನೇಯ ಏಷ್ಯಾದ ಅಣು ವಿದ್ಯುತ್ ಕಥೆ

ಫಿಲಿಪ್ಪೀನ್ಸ್‌ನ ಬಟಾನ್ ಪ್ರಾಂತ್ಯದ ಕಡಲಂಚಿನಲ್ಲಿ ಒಂದು ಅಣುಸ್ಥಾವರ ನಿಂತಿದೆ. 621 ಮೆಗಾವಾಟ್‌ನದು. ರಿಯಾಕ್ಟರ್, ಟರ್ಬೈನ್, ಕಂಟ್ರೋಲ್ ರೂಮ್ ಎಲ್ಲ ಇದೆ. ಆದರೆ ಇವತ್ತಿನವರೆಗೂ ಅದರಿಂದ ಒಂದೇ ಒಂದು ಯೂನಿಟ್ ಕರೆಂಟ್ ಬಂದಿಲ್ಲ. ಇಡೀ ಆಗ್ನೇಯ ಏಷ್ಯಾದಲ್ಲಿ ಕಟ್ಟಿ ಮುಗಿಸಿದ ಅಣುಸ್ಥಾವರ ಇದೊಂದೇ.

ತೈಲದ ಬೆಲೆ ಗಗನಕ್ಕೇರಿದ್ದ 1970ರ ದಶಕದಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಇದನ್ನು ಕೈಗೆತ್ತಿಕೊಂಡರು. ಗುತ್ತಿಗೆ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಗೆ ಹೋಯಿತು. 1976ರಲ್ಲಿ ಕೆಲಸ ಶುರುವಾಯಿತು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವಾದಾಗ ಇಲ್ಲಿನ ಕೆಲಸವೂ ನಿಂತಿತು. ಸುರಕ್ಷತೆಯ ಬಗ್ಗೆ ವಿಚಾರಣೆ ನಡೆಯಿತು, ವಿನ್ಯಾಸ ಬದಲಾಯಿತು. ಖರ್ಚು 200 ಕೋಟಿ ಡಾಲರ್ ದಾಟಿತು. ಗುತ್ತಿಗೆಯಲ್ಲಿ ಲಂಚ ನಡೆದಿದೆ ಎಂಬ ಆರೋಪ ಬೇರೆ. ಹತ್ತಿರದಲ್ಲೇ ನಾಟಿಬ್ ಜ್ವಾಲಾಮುಖಿ ಇರುವುದೂ ಜನರ ಭಯಕ್ಕೆ ಕಾರಣವಾಗಿತ್ತು. 1986ರ ಫೆಬ್ರವರಿಯಲ್ಲಿ ಮಾರ್ಕೋಸ್ ದೇಶ ಬಿಟ್ಟು ಓಡಿದರು. ಎರಡೇ ತಿಂಗಳಿಗೆ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದಲ್ಲಿ ದುರಂತ. ಹೊಸ ಅಧ್ಯಕ್ಷೆ ಕೊರಾಜಾನ್ ಅಕಿನೋ ಅವರ ಸರ್ಕಾರ ಸ್ಥಾವರಕ್ಕೆ ಬೀಗ ಹಾಕಿತು. ಅದಕ್ಕೆ ತಂದ ಸಾಲವನ್ನು ಮಾತ್ರ ಜನ 2007ರವರೆಗೂ ತೀರಿಸಿದರು.

ಅದೇ ಕಂಪನಿಯ, ಹೆಚ್ಚುಕಡಿಮೆ ಅದೇ ಮಾದರಿಯ ರಿಯಾಕ್ಟರ್ ಯುರೋಪಿನ ಸ್ಲೊವೇನಿಯಾದಲ್ಲಿದೆ. ಅದು 40 ವರ್ಷಕ್ಕೂ ಜಾಸ್ತಿ ಕಾಲದಿಂದ ಕರೆಂಟ್ ಕೊಡುತ್ತಿದೆ. ಬಟಾನ್‌ ಬಗ್ಗೆ ಓದುವಾಗಲೆಲ್ಲ ನನಗೆ ಇದೇ ನೆನಪಾಗಿ ಸಂಕಟವಾಗುತ್ತದೆ.

ಈ ಪ್ರದೇಶಕ್ಕೆ ಅಣುವಿಜ್ಞಾನ ಹೊಸದೇನಲ್ಲ. ಥಾಯ್ಲೆಂಡ್‌ನಲ್ಲಿ 1962ರಲ್ಲಿ, ವಿಯೆಟ್ನಾಂನ ದಲಾತ್‌ನಲ್ಲಿ 1963ರಲ್ಲಿ, ಇಂಡೊನೇಷ್ಯಾದ ಬಂಡುಂಗ್‌ನಲ್ಲಿ 1965ರ ಹೊತ್ತಿಗೇ ಸಂಶೋಧನಾ ರಿಯಾಕ್ಟರ್‌ಗಳು (ಕರೆಂಟಿಗಲ್ಲ, ಅಧ್ಯಯನಕ್ಕೆಂದು ಕಟ್ಟಿದ ಪುಟ್ಟ ರಿಯಾಕ್ಟರ್‌ಗಳು) ಓಡುತ್ತಿದ್ದವು. ಕಲಿತ ಜನರಿದ್ದರು. ಆದರೆ ಒಂದು ಸರ್ಕಾರ ಹೇಳಿದ್ದನ್ನು ಇನ್ನೊಂದು ಸರ್ಕಾರ ಮುಂದುವರಿಸುವ ಗಟ್ಟಿತನ ಇರಲಿಲ್ಲ.

ವಿಯೆಟ್ನಾಂ ನೋಡಿ. 2009ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ನಿನ್ ತುವಾನ್ ಪ್ರಾಂತ್ಯದಲ್ಲಿ ಎರಡು ಸ್ಥಾವರಗಳಿಗೆ ಒಪ್ಪಿಗೆ ಕೊಟ್ಟಿತು. ಒಂದಕ್ಕೆ ರಷ್ಯಾ, ಇನ್ನೊಂದಕ್ಕೆ ಜಪಾನ್ ಜೊತೆಗಾರ. ನೂರಾರು ವಿದ್ಯಾರ್ಥಿಗಳನ್ನು ಓದಲು ರಷ್ಯಾಕ್ಕೆ ಕಳಿಸಿದರು. 2016ರಲ್ಲಿ ಖರ್ಚು ಜಾಸ್ತಿ, ಕರೆಂಟಿನ ಬೇಡಿಕೆ ಅಂದುಕೊಂಡಷ್ಟಿಲ್ಲ ಎಂದು ಎಲ್ಲವನ್ನೂ ಕೈಬಿಟ್ಟರು. ಅದೇ 2009ರ ಡಿಸೆಂಬರ್‌ನಲ್ಲಿ ಅರಬ್ ಎಮಿರೇಟ್ಸ್ ದಕ್ಷಿಣ ಕೊರಿಯಾದ ಜೊತೆ ಬರಾಕಾ ಸ್ಥಾವರದ ಒಪ್ಪಂದ ಮಾಡಿಕೊಂಡಿತ್ತು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ದುರಂತವಾಯಿತು. ಆದರೂ ಎಮಿರೇಟ್ಸ್‌ನವರು ನಿಲ್ಲಿಸಲಿಲ್ಲ. ಇವತ್ತು ಬರಾಕಾದ ನಾಲ್ಕೂ ರಿಯಾಕ್ಟರ್ ಸೇರಿ ಆ ದೇಶದ ಕರೆಂಟಿನ ಸುಮಾರು ಕಾಲು ಭಾಗ ಕೊಡುತ್ತಿವೆ.

ವಿಯೆಟ್ನಾಂನಲ್ಲಿ ಕೈಬಿಟ್ಟ ಅಣು ವಿದ್ಯುತ್ತಿನ ಜಾಗವನ್ನು ಬಹುಮಟ್ಟಿಗೆ ಕಲ್ಲಿದ್ದಲು ತುಂಬಿತು. ಸೋಲಾರ್ ಕೂಡ ಭರದಿಂದ ಬೆಳೆಯಿತು, ಅದು ಖುಷಿಯ ವಿಷಯವೇ. ಆದರೆ ರಾತ್ರಿ ಏನು ಮಾಡುವುದು? 2023ರ ಬೇಸಿಗೆಯಲ್ಲಿ ಜಲಾಶಯಗಳು ಬತ್ತಿದಾಗ ಉತ್ತರ ವಿಯೆಟ್ನಾಂನಲ್ಲಿ ಕರೆಂಟ್ ಹೋಗಿ ಕಾರ್ಖಾನೆಗಳು ನಿಂತವು. 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರಕ್ಕೆ ವರ್ಷಕ್ಕೆ ಸುಮಾರು 30 ಲಕ್ಷ ಟನ್ ಕಲ್ಲಿದ್ದಲು ಬೇಕು. ಅಷ್ಟೇ ದೊಡ್ಡ ರಿಯಾಕ್ಟರ್‌ಗೆ 30 ಟನ್‌ನಷ್ಟು ಯುರೇನಿಯಂ ಇಂಧನ ಸಾಕು. ಮಳೆ ಬರಲಿ ಬಿಡಲಿ, ಹಗಲೂ ರಾತ್ರಿಯೂ ಅದು ಓಡುತ್ತದೆ.

ಹಾಗಂತ ಭಯವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಫಿಲಿಪ್ಪೀನ್ಸ್, ಇಂಡೊನೇಷ್ಯಾ ಎರಡೂ ಭೂಕಂಪ, ಜ್ವಾಲಾಮುಖಿಗಳ ನಾಡು. ಬಳಸಿದ ಇಂಧನವನ್ನು ಸಾವಿರಾರು ವರ್ಷ ಕಾಯಬೇಕು. ಜಾಗ ಆರಿಸುವವರ ಮೇಲೆ, ತಪಾಸಣೆ ಮಾಡುವವರ ಮೇಲೆ ಸರ್ಕಾರದ ಒತ್ತಡ ಇರಬಾರದು. ಮಾರ್ಕೋಸ್ ಕಾಲದಲ್ಲಿ ಜನರಿಗೆ ಇಲ್ಲದೇ ಹೋದದ್ದು ಆ ನಂಬಿಕೆಯೇ ಅಲ್ವಾ?

ಈಗ ಗಾಳಿ ಮತ್ತೆ ತಿರುಗಿದೆ. ಫಿಲಿಪ್ಪೀನ್ಸ್ 2022ರಲ್ಲಿ ಅಣುಶಕ್ತಿಯನ್ನು ತನ್ನ ಇಂಧನ ನೀತಿಗೆ ಸೇರಿಸಿಕೊಂಡಿತು. ವಿಯೆಟ್ನಾಂ 2024ರ ನವೆಂಬರ್‌ನಲ್ಲಿ ನಿನ್ ತುವಾನ್ ಯೋಜನೆಗೆ ಮರುಜೀವ ಕೊಟ್ಟಿತು. ಅಲ್ಲಿ ವಿನ್ ತ್ರೂಂಗ್, ಥಾಯ್ ಆನ್ ಎಂಬ ಎರಡು ಹಳ್ಳಿಗಳಿವೆ. ಸ್ಥಾವರಕ್ಕೆ ಗುರುತಿಸಿದ್ದು ಅವರ ನೆಲವನ್ನೇ. ಊರು ಬಿಡಬೇಕಾ, ಇರಬೇಕಾ ಎಂದು ತಿಳಿಯದೆ ಅವರು ವರ್ಷಗಟ್ಟಲೆ ಕಾದಿದ್ದಾರೆ. ಮೊದಲ ಕಾಂಕ್ರೀಟ್ ಸುರಿಯುವ ಮುಂಚೆ ಅವರ ಪರಿಹಾರದ ಹಣ, ಹೊಸ ಮನೆ ಕೈಗೆ ಸಿಗಬೇಕು.