ದಿನಕ್ಕೆ ಐವತ್ತು ಲೆಕ್ಕ ಮಾಡಿದರೂ ಪ್ರವೇಶ ಪರೀಕ್ಷೆಯಲ್ಲಿ ಕೈ ಓಡುವುದಿಲ್ಲವೇಕೆ?

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ ಈಗ ಪ್ಲಸ್ ಟು ವಿಜ್ಞಾನ ವಿಭಾಗದಲ್ಲಿದ್ದೇನೆ. ಕೇರಳದ ಪ್ರವೇಶ ಪರೀಕ್ಷೆಯಾದ ಕೀಮ್ ಮತ್ತು ಕರ್ನಾಟಕದ ಸಿಇಟಿ ಎರಡನ್ನೂ ಬರೆಯುವವಳಿದ್ದೇನೆ. ದಿನವೂ ಗೈಡಿನಿಂದ ಐವತ್ತರಷ್ಟು ಬೀಜಗಣಿತದ ಲೆಕ್ಕ ಮಾಡುತ್ತೇನೆ. ಬಿಡಿಸಿದ ಉತ್ತರ ನೋಡಿದರೆ ಎಲ್ಲವೂ ಅರ್ಥವಾಗುತ್ತದೆ, ಮಾದರಿ ಪರೀಕ್ಷೆಗೆ ಕುಳಿತರೆ ಮಾತ್ರ ಮೊದಲ ಸಾಲೇ ಹೊಳೆಯುವುದಿಲ್ಲ. ಲೆಕ್ಕಗಳ ಸಂಖ್ಯೆ ಇನ್ನೂ ಹೆಚ್ಚಿಸಬೇಕೇ?

ಉತ್ತರ: ಹೆಚ್ಚಿಸಬೇಡಿ, ಇಳಿಸಿ. ಐವತ್ತರ ಬದಲು ಹದಿನೈದು ಲೆಕ್ಕ ಸಾಕು. ಆದರೆ ಆ ಹದಿನೈದೂ ಬೇರೆ ಬೇರೆ ಅಧ್ಯಾಯಗಳಿಂದ ಕಲಸಿ ತೆಗೆದವುಗಳಾಗಿರಬೇಕು ಮತ್ತು ಮೊದಲ ಸಾಲನ್ನು ನೀವೇ ಬರೆಯುವವರೆಗೆ ಉತ್ತರದ ಪುಟ ಮುಚ್ಚಿರಬೇಕು. ಗೈಡಿನಲ್ಲಿ ‘ದ್ವಿಪದ ಪ್ರಮೇಯ’ ಎಂಬ ಶೀರ್ಷಿಕೆಯ ಕೆಳಗೆ ಬರುವ ಲೆಕ್ಕಕ್ಕೆ ಯಾವ ವಿಧಾನ ಎಂಬುದನ್ನು ಶೀರ್ಷಿಕೆಯೇ ಹೇಳಿಬಿಟ್ಟಿರುತ್ತದೆ; ಪರೀಕ್ಷೆಯಲ್ಲಿ ಆ ಶೀರ್ಷಿಕೆ ಇರುವುದಿಲ್ಲ. ವಿಧಾನವನ್ನು ಆರಿಸುವುದು ಬಿಡಿಸುವುದಕ್ಕಿಂತ ಬೇರೆಯೇ ಆದ ಕೌಶಲ, ಮತ್ತು ನಿಮ್ಮ ಈಗಿನ ಅಭ್ಯಾಸದಲ್ಲಿ ಅದಕ್ಕೆ ಅವಕಾಶವೇ ಸಿಗುತ್ತಿಲ್ಲ ಎಂದು ನನಗೆ ತೋರುತ್ತದೆ. ಕೇರಳದ ಹೈಯರ್ ಸೆಕೆಂಡರಿಯಲ್ಲಿಯೂ ಕರ್ನಾಟಕದ ಪಿಯುಸಿಯಲ್ಲಿಯೂ ಗಣಿತಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಆಧಾರವಾಗಿರುವುದರಿಂದ ಎರಡು ಪರೀಕ್ಷೆಗಳಿಗೆ ಎರಡು ತಯಾರಿ ಬೇಕಾಗಿಲ್ಲ. ಪ್ಲಸ್ ವನ್‌ನ ಸಂಕೀರ್ಣ ಸಂಖ್ಯೆ, ಅಸಮಾನತೆ, ಕ್ರಮಯೋಜನೆ, ಶ್ರೇಢಿಗಳು ಮತ್ತು ಪ್ಲಸ್ ಟುವಿನ ಮಾತೃಕೆ, ನಿರ್ಧಾರಕಗಳನ್ನು ಒಟ್ಟಿಗೇ ಕಲಸಿಕೊಳ್ಳಿ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. (ಎಕ್ಸ್ − 1) / (ಎಕ್ಸ್ − 3) > 2 ಆಗಬೇಕಾದರೆ ಎಕ್ಸ್‌ನ ಬೆಲೆ ಎಲ್ಲಿರಬೇಕು? ಹೆಚ್ಚಿನವರು ಛೇದವನ್ನು ಬಲಕ್ಕೆ ಒಯ್ದು ಗುಣಿಸಿ, ಎಕ್ಸ್ − 1 > 2ಎಕ್ಸ್ − 6 ಎಂದು ಬರೆದು, ಎಕ್ಸ್ < 5 ಎಂಬ ಉತ್ತರಕ್ಕೆ ಬರುತ್ತಾರೆ. ಆಯ್ಕೆಗಳಲ್ಲಿ ಆ ಉತ್ತರವೂ ಇದ್ದೇ ಇರುತ್ತದೆ, ಏಕೆಂದರೆ ಪ್ರಶ್ನೆ ತೆಗೆಯುವವರಿಗೆ ಈ ತಪ್ಪು ಚೆನ್ನಾಗಿ ಗೊತ್ತು. ಎಕ್ಸ್ = 0 ಎಂದು ಹಾಕಿ ನೋಡಿ: ಎಡಬದಿಗೆ ಬರುವುದು 1/3, ಅದು 2ಕ್ಕಿಂತ ದೊಡ್ಡದಲ್ಲ. ತಪ್ಪಿದ್ದು ಎಲ್ಲಿ ಎಂದರೆ, ಎಕ್ಸ್ − 3 ಧನವೋ ಋಣವೋ ಎಂದು ತಿಳಿಯದೆ ಅದರಿಂದ ಗುಣಿಸಿದ್ದರಲ್ಲಿ; ಋಣ ಸಂಖ್ಯೆಯಿಂದ ಗುಣಿಸಿದಾಗ ಅಸಮಾನತೆಯ ಚಿಹ್ನೆ ತಿರುಗಬೇಕು. ಆದ್ದರಿಂದ 2ನ್ನು ಎಡಕ್ಕೆ ತಂದು ಒಂದೇ ಭಿನ್ನರಾಶಿ ಮಾಡಿದರೆ (5 − ಎಕ್ಸ್) / (ಎಕ್ಸ್ − 3) > 0 ಎಂದಾಗುತ್ತದೆ, ಉತ್ತರ 3 ಮತ್ತು 5ರ ನಡುವೆ ಮಾತ್ರ ಉಳಿಯುತ್ತದೆ. ಈ ಲೆಕ್ಕ ತಪ್ಪಿದರೆ ನೋಟ್ ಪುಸ್ತಕದಲ್ಲಿ ಪೂರ್ತಿ ಬಿಡಿಸಿದ ಉತ್ತರವನ್ನು ನಕಲು ಮಾಡಬೇಡಿ. ‘ಚಿಹ್ನೆ ತಿಳಿಯದ ಪದದಿಂದ ಗುಣಿಸಿದೆ’ ಎಂದು ಒಂದೇ ಸಾಲು ಬರೆದು, ಒಂದು ವಾರ ಬಿಟ್ಟು ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮತ್ತೆ ಮಾಡಿ. ಹೀಗೆ ಬರೆದಿಟ್ಟ ಸಾಲುಗಳನ್ನು ತಿಂಗಳ ಕೊನೆಗೆ ಓದಿದರೆ ನಿಮ್ಮ ತಪ್ಪುಗಳು ನಾಲ್ಕೈದು ಬಗೆಯವು ಮಾತ್ರ ಎಂಬುದು ಕಂಡುಬರುವ ಸಂಭವವೇ ಹೆಚ್ಚು. ವರ್ಗಮೂಲವಿರುವ ಸಮೀಕರಣವನ್ನು ವರ್ಗ ಮಾಡಿ ಬಿಡಿಸಿದ ಮೇಲೆ ಸಿಕ್ಕಿದ ಬೆಲೆಗಳನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡದಿರುವುದೂ ಇಂಥದೇ ಇನ್ನೊಂದು ತಪ್ಪು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಸಮೀಕರಣಗಳಿಗಿಂತ ವಾಕ್ಯರೂಪದ ಲೆಕ್ಕಗಳೇ ಹೆಚ್ಚು ಸಮಯ ತಿನ್ನುತ್ತವೆ. ಐವರು ಹುಡುಗರು ಮತ್ತು ನಾಲ್ವರು ಹುಡುಗಿಯರಿಂದ ನಾಲ್ವರ ಸಮಿತಿಯನ್ನು, ಕನಿಷ್ಠ ಇಬ್ಬರು ಹುಡುಗಿಯರಿರುವಂತೆ, ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಾಗ ಸೂತ್ರಕ್ಕೆ ಕೈಹಾಕುವ ಮೊದಲು ‘ಹುಡುಗಿಯರು 2, 3 ಅಥವಾ 4’ ಎಂದು ರಫ್ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಅಲ್ಲಿಂದ ಮುಂದೆ 60 + 20 + 1, ಒಟ್ಟು 81 ಎಂಬುದು ನೇರವಾಗಿ ಬರುತ್ತದೆ. ಮನಸ್ಸು ಯಾವ ಭಾಷೆಯಲ್ಲಿ ಬೇಗ ಯೋಚಿಸುತ್ತದೆಯೋ ಆ ಭಾಷೆಯಲ್ಲಿ ಷರತ್ತನ್ನು ಬರೆದುಕೊಳ್ಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಮುಂದೆ ಜೆಇಇ ಮೇನ್ ಬರೆಯುವ ವಿಚಾರವಿದ್ದರೆ, ಅದರ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಆದರೆ ಆ ಆಯ್ಕೆ ಇರುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರವಾದ್ದರಿಂದ ಅರ್ಜಿ ತುಂಬುವಾಗ ಮಂಗಳೂರಿನಂಥ ಕೇಂದ್ರವನ್ನು ಆರಿಸಬೇಕಾಗುತ್ತದೆ.

ವೇಗದ ವಿಷಯಕ್ಕೆ ಪರೀಕ್ಷೆಗೆ ಎರಡು ತಿಂಗಳಿರುವಾಗ ಕೈಹಾಕಿದರೆ ಸಾಕು. ಅದಕ್ಕಿಂತ ಮೊದಲು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡುವುದರಿಂದ ಅವಸರದ ಚಟ ಬೆಳೆಯುತ್ತದೆಯೇ ಹೊರತು ಹಿಡಿತ ಬೆಳೆಯುವುದಿಲ್ಲ. ಸಿಇಟಿಯಲ್ಲಿ 60 ಗಣಿತ ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. 2024ರಿಂದ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಕೀಮ್‌ನ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ 180 ನಿಮಿಷಗಳಿಗೆ 150 ಪ್ರಶ್ನೆಗಳು, ಒಂದಕ್ಕೆ ಸರಾಸರಿ 72 ಸೆಕೆಂಡು, ಮತ್ತು ಅವುಗಳಲ್ಲಿ 75 ಗಣಿತದವು. ಪ್ರಶ್ನೆ ಪರದೆಯ ಮೇಲಿದ್ದು ಲೆಕ್ಕ ಕಾಗದದ ಮೇಲೆ ನಡೆಯುವುದರಿಂದ, ಸಂಖ್ಯೆಗಳನ್ನು ಇಳಿಸಿಕೊಳ್ಳುವಾಗಲೇ ಋಣ ಚಿಹ್ನೆ ಬಿಟ್ಟುಹೋಗುವುದುಂಟು. ಹಾಗಾಗಿ ವಾರಕ್ಕೊಮ್ಮೆಯಾದರೂ ಮೊಬೈಲ್ ಅಥವಾ ಕಂಪ್ಯೂಟರ್ ಪರದೆಯಿಂದ ಓದಿ ಬಿಡಿಸುವ ರೂಢಿ ಮಾಡಿಕೊಳ್ಳಿ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೀಮ್‌ನಲ್ಲಿ ಐದು ಆಯ್ಕೆಗಳು, ಸರಿಗೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಏನೂ ತಿಳಿಯದೆ ಗುರುತು ಹಾಕಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ, ಆದರೆ ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಉಳಿದ ಮೂರರಲ್ಲಿ ಒಂದನ್ನು ಆರಿಸುವುದು ಲಾಭಕರ. ಮೇಲಿನ ಅಸಮಾನತೆಯಲ್ಲಿ ಎಕ್ಸ್ = 0 ಹಾಕಿ ನೋಡಿದೆವಲ್ಲ, ಆಯ್ಕೆಗಳನ್ನು ತಳ್ಳಿಹಾಕುವುದಕ್ಕೆ ಅದೇ ಎಲ್ಲಕ್ಕಿಂತ ಅಗ್ಗದ ಉಪಾಯ; ಮಾದರಿ ಪರೀಕ್ಷೆಗಳಲ್ಲಿ ಅದನ್ನು ಪ್ರಯೋಗಿಸಿದ ಪ್ರಶ್ನೆಗಳಿಗೆ ಬೇರೆ ಗುರುತು ಹಾಕಿಟ್ಟು, ಪರೀಕ್ಷೆ ಮುಗಿದ ಮೇಲೆ ಅವುಗಳನ್ನು ಪೂರ್ತಿಯಾಗಿ ಬಿಡಿಸಿ ನೋಡಿ.