ಸಬ್‌ವೂಫರ್‌ಗೆ ಸರಿಯಾದ ಜಾಗ ಯಾವುದು?

ಮಂದ್ರ ಸ್ವರಗಳಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ ಸಬ್‌ವೂಫರ್. ಅದು ಮನೆಗೆ ಬಂದ ದಿನ ಅದು ಸೇರುವುದು ಸಾಮಾನ್ಯವಾಗಿ ಖಾಲಿ ಬಿದ್ದಿರುವ ಮೂಲೆಗೆ. ಆಮೇಲೆ ಬೇಸ್ ಗಿಟಾರಿನ ಒಂದು ಸ್ವರ ಗುಡುಗುತ್ತದೆ, ಅದರ ಪಕ್ಕದ ಸ್ವರ ಎಲ್ಲೋ ಅಡಗಿಬಿಡುತ್ತದೆ. ದೂರೆಲ್ಲ ಪೆಟ್ಟಿಗೆಯ ತಲೆಗೆ. ಆದರೆ ಮಂದ್ರ ಸ್ವರಗಳ ಮಟ್ಟಿಗೆ ನಾವು ಕೇಳುವುದು ಪೆಟ್ಟಿಗೆಗಿಂತ ಹೆಚ್ಚಾಗಿ ಕೋಣೆಯನ್ನು.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 1,000 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 1,000 ಸಲ ಕಂಪಿಸುವ, ಸ್ವರದಲ್ಲಿ ಒಂದು ಅಲೆಯ ಉದ್ದ ಒಂದೂವರೆ ಗೇಣು. 34 ಹರ್ಟ್ಜ್‌ನಲ್ಲಿ ಅದೇ ಅಲೆ 10 ಮೀಟರ್! 5 ಮೀಟರ್ ಉದ್ದದ ಕೋಣೆಯಲ್ಲಿ ಅದರ ಅರ್ಧ ಮಾತ್ರ ಹಿಡಿಸುತ್ತದೆ, ಅದೂ ಅಳತೆ ತೆಗೆದು ಮಾಡಿದಂತೆ. ಗೋಡೆಗೆ ಬಡಿದು ಮರಳುವ ಅಲೆ ಎದುರು ಬರುವ ಅಲೆಯೊಡನೆ ಬೆರೆತು ಸ್ಥಾಯಿ ತರಂಗವಾಗಿ ನೆಲೆ ನಿಲ್ಲುತ್ತದೆ. ಎರಡೂ ಗೋಡೆಗಳ ಬಳಿ ಒತ್ತಡದ ಏರಿಳಿತ ಗರಿಷ್ಠ, ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ.

ಇದನ್ನು ನಂಬಲು ಸೂತ್ರ ಬೇಕಿಲ್ಲ. ಅಂಥ ಕೋಣೆಯಲ್ಲಿ 34 ಹರ್ಟ್ಜ್‌ನ ಸ್ವರವೊಂದನ್ನು ಹಾಕಿ ಒಂದು ಗೋಡೆಯಿಂದ ಎದುರು ಗೋಡೆಯತ್ತ ನಿಧಾನವಾಗಿ ನಡೆಯಿರಿ. ಎದೆಗೆ ತಾಗುತ್ತಿದ್ದ ಗುಂಯ್‌ಗುಡುವಿಕೆ ನಡುಕೋಣೆಯಲ್ಲಿ ಕರಗಿಹೋಗುತ್ತದೆ, ನಾಲ್ಕು ಹೆಜ್ಜೆ ದಾಟಿದರೆ ಮತ್ತೆ ಮೈದುಂಬುತ್ತದೆ. ನನಗೆ ಇದು ಇಂದಿಗೂ ಬೆರಗು.

ಆ ಸೊನ್ನೆಯ ಜಾಗದಲ್ಲಿ ಕುರ್ಚಿ ಇದ್ದರೆ ಈಕ್ವಲೈಸರ್‌ನಲ್ಲಿ (ಬೇರೆಬೇರೆ ಸ್ವರಗಳ ಮಟ್ಟ ಹೊಂದಿಸುವ ಸಾಧನ) ಆ ಸ್ವರವನ್ನು ಏರಿಸಿ ಪ್ರಯೋಜನವಿಲ್ಲ. ಹೆಚ್ಚಿಸಿದ ಶಕ್ತಿಯೂ ಅಲ್ಲೇ ರದ್ದಾಗುತ್ತದೆ. ಗೋಡೆಗೆ ಅಂಟಿಸುವ ತೆಳು ಫೋಮ್ ಈ ಅಲೆಗಳಿಗೆ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಎಲ್ಲಿಡಬೇಕು? ಮೂಲೆಯಲ್ಲಿಟ್ಟರೆ ಕೋಣೆಯ ಎಲ್ಲ ಸ್ಥಾಯಿ ತರಂಗಗಳೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಸದ್ದು ಹೆಚ್ಚು, ಸಮತೆ ಕಡಿಮೆ. ಇದಕ್ಕಿಂತ ಒಳ್ಳೆಯ ಉಪಾಯ ತಲೆಕೆಳಗಾದದ್ದು: ಪೆಟ್ಟಿಗೆಯನ್ನು ನೀವು ಕುಳಿತುಕೊಳ್ಳುವ ಕುರ್ಚಿಯ ಮೇಲಿಡಿ. ಮಂದ್ರದಲ್ಲಿ ಏರಿಳಿಯುವ ಸಂಗೀತವೊಂದನ್ನು ಹಾಕಿ, ಪೆಟ್ಟಿಗೆ ಇಡಬಹುದಾದ ಜಾಗಗಳಲ್ಲೆಲ್ಲ ಮೊಣಕಾಲೂರಿ, ಕಿವಿಯನ್ನು ನೆಲದ ಹತ್ತಿರ ತಂದು ಕೇಳುತ್ತಾ ಹೋಗಿ. ಎಲ್ಲ ಸ್ವರಗಳೂ ಸಮನಾಗಿ ಕೇಳಿಸುವ ಕಡೆ ಗುರುತು ಹಾಕಿ, ಪೆಟ್ಟಿಗೆಯನ್ನು ಅಲ್ಲಿಗೆ ತನ್ನಿ. ಮೂಲ ಮತ್ತು ಕಿವಿ ಜಾಗ ಬದಲಿಸಿಕೊಂಡರೂ ಅವುಗಳ ನಡುವಿನ ದಾರಿ ಶಬ್ದಕ್ಕೆ ಒಂದೇ. ಭೌತವಿಜ್ಞಾನಿಗಳಾದ ಹೆಲ್ಮ್‌ಹೋಲ್ಟ್ಜ್ ಮತ್ತು ಲಾರ್ಡ್ ರ್ಯಾಲೇ 19ನೇ ಶತಮಾನದಲ್ಲೇ ತಿಳಿಸಿಕೊಟ್ಟ ಈ ಪಾರಸ್ಪರ್ಯ ನಿಮ್ಮ ಮೊಣಕಾಲಿನ ಶ್ರಮಕ್ಕೆ ಆಧಾರ.

ಕೇಳುವವರು ಹಲವರಿದ್ದರೆ ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಸಣ್ಣವು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಎದುರುಬದುರು ಗೋಡೆಗಳ ಮಧ್ಯಬಿಂದುಗಳಲ್ಲಿ ಒಂದೊಂದನ್ನು ಇಡಿ. ಉದ್ದಕ್ಕೆ ಏಳುವ ಮೊದಲ ಸ್ಥಾಯಿ ತರಂಗದಲ್ಲಿ ಒಂದು ಗೋಡೆಯ ಬಳಿ ಒತ್ತಡ ಏರಿದಾಗ ಇನ್ನೊಂದರ ಬಳಿ ಇಳಿದಿರುತ್ತದೆ. ಎರಡೂ ಪೆಟ್ಟಿಗೆಗಳು ಒಂದೇ ಲಯದಲ್ಲಿ ತಳ್ಳಿದರೆ ಅದು ಏಳುವುದೇ ಇಲ್ಲ. ಅಗಲದ ಮೊದಲ ತರಂಗವೂ ಹೆಚ್ಚು ಕೆರಳದು, ಏಕೆಂದರೆ ಪೆಟ್ಟಿಗೆಗಳು ಅದರ ಸೊನ್ನೆಯ ಗೆರೆಯ ಮೇಲೇ ಇವೆ. ಧ್ವನಿ ಉಪಕರಣಗಳನ್ನು ತಯಾರಿಸುವ ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಇಂಥ ಹಲವು ಜೋಡಣೆಗಳನ್ನು ಹೋಲಿಸಿ ನೋಡಿದಾಗ ಎದ್ದು ಕಂಡವುಗಳಲ್ಲಿ ಇದೂ ಒಂದು.

ಪೆಟ್ಟಿಗೆ ಬೆನ್ನ ಹಿಂದಿದ್ದರೆ ಸದ್ದು ಹಿಂದಿನಿಂದ ಬಂದಂತೆ ಕೇಳಿಸದೇ? ಸುಮಾರು 80 ಹರ್ಟ್ಜ್‌ಗಿಂತ ಕೆಳಗೆ ದಿಕ್ಕು ಗುರುತಿಸುವುದು ಕಿವಿಗೆ ಬಹಳ ಕಷ್ಟ. ಪೆಟ್ಟಿಗೆಯನ್ನು ಕದಲಿಸಲು ಸಾಧ್ಯವೇ ಇಲ್ಲದ ಕೋಣೆಯಾದರೆ ಕುರ್ಚಿಯನ್ನೇ ಮೊಳದುದ್ದ ಹಿಂದಕ್ಕೋ ಮುಂದಕ್ಕೋ ಸರಿಸಿ ಕೇಳಿ. ಅಡಗಿದ್ದ ಆ ಸ್ವರ ಅಷ್ಟಕ್ಕೇ ಹೊರಬರಬಹುದು.