ಎಲ್ಲಿ ನಿಂತು ನೋಡಿದಿರಿ, ಮೊದಲು ಅದನ್ನು ಹೇಳಿ

ಬೇಸಿಗೆ ಬಂತೆಂದರೆ ನನ್ನ ಫೋನಿಗೆ ಪಟ್ಟಿಗಳು ಬರಲು ಶುರುವಾಗುತ್ತವೆ. ‘ಅಮೆರಿಕದ ಹತ್ತು ಸುಂದರ ಸ್ಕೈಲೈನ್‌ಗಳು’ ಅಂತ. ಸ್ಕೈಲೈನ್ ಅಂದರೆ ಆಕಾಶದ ಹಿನ್ನೆಲೆಯಲ್ಲಿ ಕಾಣುವ ಊರಿನ ಕಟ್ಟಡಗಳ ಸಾಲು. ಒಂದರಲ್ಲಿ ನ್ಯೂಯಾರ್ಕ್ ಮೊದಲು, ಇನ್ನೊಂದರಲ್ಲಿ ಚಿಕಾಗೋ. ಸಿಯಾಟಲ್ ಒಮ್ಮೆ ಮೂರನೆಯದು, ಒಮ್ಮೆ ಏಳನೆಯದು. ಕಳಿಸಿದವರ ಪ್ರಶ್ನೆ ಮಾತ್ರ ಒಂದೇ: ‘ಅಕ್ಕಾ, ನೀವು ಇದೇ ಕೆಲಸದಲ್ಲಿ ಇದ್ದೀರಲ್ಲ, ಯಾವುದು ಸರಿ?’

ಹೌದು, ನಾನು ಇದೇ ಕೆಲಸದಲ್ಲಿದ್ದೇನೆ. ಚಿಕಾಗೋದಲ್ಲಿ ಹೊಸದೊಂದು ಎತ್ತರದ ಕಟ್ಟಡ ಏಳುವ ಮೊದಲು ಅದು ಊರಿನ ಯಾವ್ಯಾವ ಜಾಗದಿಂದ ಹೇಗೆ ಕಾಣುತ್ತದೆ ಅಂತ ಚಿತ್ರ ಮಾಡಿ ತೋರಿಸುವುದು ನನ್ನ ಕಸುಬು. ಫುಟ್‌ಪಾತಿನ ಮೇಲೆ ಗುರುತು ಹಾಕುತ್ತೇವೆ. ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ ಟ್ರೈಪಾಡ್ ಇಡುತ್ತೇವೆ. ಆ ಗುರುತಿನ ಅಳತೆ ತೆಗೆದು, ಫೋಟೋದೊಳಗೆ ಇನ್ನೂ ಕಟ್ಟದ ಕಟ್ಟಡವನ್ನು ಸರಿಯಾದ ಗಾತ್ರದಲ್ಲಿ ಕೂರಿಸುತ್ತೇವೆ. ಜನವರಿಯಲ್ಲಿ ಸರೋವರದ ಗಾಳಿ ಬೀಸುವಾಗ ಕೈಗವಸು ತೆಗೆದು ಲೆನ್ಸ್ ತಿರುಗಿಸುವುದು ಸುಲಭವಲ್ಲ. ಆದರೂ ಈ ಕೆಲಸ ನನಗೆ ತುಂಬಾ ಇಷ್ಟ. ಅದಕ್ಕೇ ಈ ಪಟ್ಟಿಗಳನ್ನು ನೋಡಿದಾಗ ತಾಳ್ಮೆ ಹೋಗುತ್ತದೆ. ಎಲ್ಲಿ ನಿಂತು ನೋಡಿದ್ದು ಅಂತ ಅವುಗಳಲ್ಲಿ ಒಂದೂ ಹೇಳುವುದಿಲ್ಲ.

ಸ್ಕೈಲೈನ್ ಅನ್ನುವುದು ಊರಿಗೆ ಸೇರಿದ ವಸ್ತುವಲ್ಲ. ಒಂದು ಜಾಗದಲ್ಲಿ ನಿಂತವರ ಕಣ್ಣಿಗೆ ಕಾಣುವ ನೋಟ ಅದು. ಜಾಗ ಬದಲಾದರೆ ನೋಟವೂ ಬದಲಾಗುತ್ತದೆ. ಇದನ್ನು ನಾನು ನೂರು ಸಲ ಹೇಳಿದ್ದೇನೆ. ಎಲ್ಲರೂ ‘ಹೌದು ಹೌದು’ ಅಂತಾರೆ, ಆಮೇಲೆ ಮತ್ತೆ ಕಟ್ಟಡಗಳ ಎತ್ತರ ಕೂಡಿಸಲು ಕೂರುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೋದ ಸಲ ತಿಪಟೂರಿನಿಂದ ನನ್ನ ಸೋದರಮಾವ ಬಂದಿದ್ದರು. ಅವರನ್ನು ಆಡ್ಲರ್ ತಾರಾಲಯದ ಹತ್ತಿರ ಕರೆದುಕೊಂಡು ಹೋದೆ. ಅದು ಮಿಷಿಗನ್ ಸರೋವರದೊಳಕ್ಕೆ ಚಾಚಿಕೊಂಡ ಜಾಗ. ನೀರಿನಾಚೆ ಇಡೀ ಊರು ಸಾಲಾಗಿ ನಿಂತಿರುತ್ತದೆ. ಮಾವನಿಗೆ ಹೇಳಿದೆ: ‘ಕೈ ನೇರವಾಗಿ ಮುಂದೆ ಚಾಚಿ, ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಕಣ್ಣಿಗೆ ಸುಮಾರು 10 ಡಿಗ್ರಿ ಕೋನ.’ ಮುಷ್ಟಿಯನ್ನು ನಿಲ್ಲಿಸಿ ವಿಲ್ಲಿಸ್ ಟವರಿಗೆ ಹಿಡಿದರು. ಹಳಬರು ಇನ್ನೂ ಸಿಯರ್ಸ್ ಟವರ್ ಅಂತಲೇ ಕರೆಯುತ್ತಾರೆ. 442 ಮೀಟರಿನ ಆ ಕಟ್ಟಡ ಅಲ್ಲಿಂದ ಮೂರು ಕಿಲೋಮೀಟರಿಗೆ ತುಸು ಕಡಿಮೆ ದೂರ. ಹೆಚ್ಚುಕಡಿಮೆ ಮುಷ್ಟಿಯೊಳಗೆ ಮುಚ್ಚಿಹೋಯಿತು, 9 ಡಿಗ್ರಿ.

‘ಈಗ ಬಲಗಡೆ ಆ ಬಿಳಿ ಕಂಬದಂಥದ್ದು ನೋಡಿ, ಏಯಾನ್ ಸೆಂಟರ್. ಇನ್ನೂ ಬಲಕ್ಕೆ, ದೂರದಲ್ಲಿ ಕಪ್ಪಗೆ ಎರಡು ಕೊಂಬು ಇದೆಯಲ್ಲ, ಅದು ಹ್ಯಾನ್‌ಕಾಕ್. ಯಾವುದು ದೊಡ್ಡದು?’

ಮಾವ ಅನುಮಾನವೇ ಇಲ್ಲದೆ ಬಿಳಿಯದನ್ನು ತೋರಿಸಿದರು. ಏಯಾನ್ 346 ಮೀಟರ್, ಹ್ಯಾನ್‌ಕಾಕ್ 344 ಮೀಟರ್. ಎರಡೇ ಮೀಟರ್ ವ್ಯತ್ಯಾಸ. ಆದರೆ ಅಲ್ಲಿಂದ ಒಂದು ಸುಮಾರು 8 ಡಿಗ್ರಿ ಕಾಣುತ್ತದೆ, ಇನ್ನೊಂದು 5. ಹ್ಯಾನ್‌ಕಾಕ್ ಒಂದೂವರೆ ಕಿಲೋಮೀಟರ್ ಜಾಸ್ತಿ ದೂರದಲ್ಲಿದೆ, ಅಷ್ಟೇ ಕಾರಣ. ಅದೇ ದಿನ ಸಂಜೆ ಉತ್ತರದ ನಾರ್ತ್ ಅವೆನ್ಯೂ ಬೀಚಿಗೆ ಹೋದೆವು. ಅಲ್ಲಿ ಹ್ಯಾನ್‌ಕಾಕೇ ರಾಜ. ವಿಲ್ಲಿಸ್ ಹಿಂದೆ ಸರಿದು ನಿಂತಿತ್ತು.

‘ಅಲ್ಲ ಕಣಮ್ಮ,’ ಅಂದರು ಮಾವ, ‘ತೋಟದ ಬದುವಿನ ಮೇಲೆ ನಿಂತ್ರೆ ಮುಂದಿನ ಸಸೀನೂ ಹಿಂದಿನ ಮರಾನೂ ಸಮ ಕಾಣ್ತವೆ. ಅದೇ ತಾನೆ ಇದು?’

ಅದೇ. ನನ್ನ ಗಿರಾಕಿಗಳಿಗೆ ಮೂರು ಮೀಟಿಂಗ್ ಹಿಡಿಯುವ ಮಾತನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು.

ಸಿಯಾಟಲ್ ಇದಕ್ಕಿಂತ ದೊಡ್ಡ ಉದಾಹರಣೆ. ಆ ಊರಿನ ಫೋಟೋ ಅಂತ ನೀವು ನೋಡಿರುವುದೆಲ್ಲ ಹೆಚ್ಚಾಗಿ ಕೆರಿ ಪಾರ್ಕ್ ಎಂಬ ಗುಡ್ಡದ ಮೇಲಿನ ಪುಟ್ಟ ಜಾಗದಿಂದ ತೆಗೆದದ್ದು. ಅದರಲ್ಲಿ ಎಲ್ಲಕ್ಕಿಂತ ಎತ್ತರ ಕಾಣುವುದು ಸ್ಪೇಸ್ ನೀಡಲ್. 1962ರ ವಿಶ್ವಮೇಳಕ್ಕೆ ಕಟ್ಟಿದ್ದು, 184 ಮೀಟರ್. ಊರಿನ ನಿಜವಾದ ಎತ್ತರದ ಕಟ್ಟಡ ಕೊಲಂಬಿಯಾ ಸೆಂಟರ್ ಅದಕ್ಕಿಂತ ಸುಮಾರು 100 ಮೀಟರ್ ಜಾಸ್ತಿ. ಆದರೆ ನೀಡಲ್ ಗುಡ್ಡದಿಂದ ಒಂದೂಕಾಲು ಕಿಲೋಮೀಟರ್, ಕೊಲಂಬಿಯಾ ಮೂರೂವರೆ. ಫೋಟೋದಲ್ಲಿ ಗೆಲ್ಲುವುದು ಹತ್ತಿರ ಇರುವುದು. ಅದೇ ಊರನ್ನು ನೀರಿನ ಆಚೆಯ ಆಲ್ಕೈ ಕಡೆಯಿಂದ ನೋಡಿ, ನೀಡಲ್ ಎಡಗಡೆ ಒಂಟಿಯಾಗಿ ಗಿಡ್ಡಗೆ ನಿಂತಿರುತ್ತದೆ. ಹಾಗಾದರೆ ಪಟ್ಟಿಯಲ್ಲಿ ಮೂರನೆಯ ಸ್ಥಾನ ಕೊಟ್ಟವರು ಯಾವ ಸಿಯಾಟಲ್‌ಗೆ ಕೊಟ್ಟರು?

ಸಿಯಾಟಲ್‌ನ ಕಟ್ಟಡಗಳ ಹಿಂದೆ ರೇನಿಯರ್ ಪರ್ವತ ಆಕಾಶದ ತುಂಬ ಎದ್ದು ನಿಂತಿರುವ ಚಿತ್ರಗಳೂ ಇವೆ. ಅವು ಸುಳ್ಳು ಅಂತ ನಾನು ಹೇಳುವುದಿಲ್ಲ. ದೂರ ಹೋಗಿ ಜೂಮ್ ಹಾಕಿ ತೆಗೆದವು. ಇಲ್ಲಿ ಎಲ್ಲರೂ ಲೆನ್ಸಿನ ಮಹಿಮೆ ಅಂದುಕೊಳ್ಳುತ್ತಾರೆ. ಲೆನ್ಸ್ ಬರೀ ಕತ್ತರಿಸಿ ದೊಡ್ಡದು ಮಾಡುತ್ತದೆ. ಬೆಟ್ಟ ಮತ್ತು ಕಟ್ಟಡಗಳ ನಡುವಿನ ಪ್ರಮಾಣ ಬದಲಾಗುವುದು ನೀವು ಹಿಂದೆ ಸರಿದಿದ್ದರಿಂದ. ಕಟ್ಟಡದಿಂದ ಎರಡು ಪಟ್ಟು ದೂರ ಹೋದರೆ ಕಟ್ಟಡ ಅರ್ಧ ಆಗುತ್ತದೆ. ತೊಂಬತ್ತು ಕಿಲೋಮೀಟರ್ ಆಚೆಯ ಬೆಟ್ಟಕ್ಕೆ ನೀವು ಹಿಂದೆ ಸರಿದ ಎರಡು ಕಿಲೋಮೀಟರ್ ಲೆಕ್ಕವೇ ಅಲ್ಲ, ಅದು ಹಾಗೇ ಇರುತ್ತದೆ. ಲಾಸ್ ಏಂಜಲೀಸಿನ ಹಿಂದೆ ಹಿಮ ಹೊತ್ತ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು ಕಾಣುವ ಚಿತ್ರಗಳೂ ಹೀಗೆಯೇ. ನೋಡಿ ಸಂತೋಷಪಡಿ. ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಡಬೇಡಿ.

ಇದು ಬರೀ ಹರಟೆಯ ವಿಷಯವಾಗಿದ್ದರೆ ನಾನು ಇಷ್ಟು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ದುಡ್ಡು ಹಾಕುವವರ ತಲೆಯಲ್ಲೂ ಇದೇ ಕೂತಿದೆ. ಒಬ್ಬ ಗಿರಾಕಿ ತನ್ನ ಕಟ್ಟಡದ ನೆತ್ತಿಗೆ 18 ಮೀಟರಿನ ಲೋಹದ ಸೂಜಿ ಬೇಕೆಂದು ಹಠ ಹಿಡಿದರು. ಹಾಗೆ ಮಾಡಿದರೆ ಊರಿನ ಎತ್ತರದ ಕಟ್ಟಡಗಳ ಪಟ್ಟಿಯಲ್ಲಿ ಎರಡು ಸ್ಥಾನ ಮೇಲೆ ಹೋಗುತ್ತದಂತೆ. ನಾಲ್ಕು ಕಿಲೋಮೀಟರ್ ದೂರದ ಗುರುತಿನಿಂದ ಚಿತ್ರ ಮಾಡಿ ಮುಂದಿಟ್ಟೆ. 18 ಮೀಟರ್ ಅಲ್ಲಿಂದ ಕಾಲು ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲದ ಅರ್ಧ. ಅದೂ ಸೂಜಿಯಷ್ಟು ತೆಳ್ಳಗೆ. ಬೆರಳಿಟ್ಟು ತೋರಿಸುವ ತನಕ ಅವರಿಗೇ ಅದು ಸಿಗಲಿಲ್ಲ. ಆ ದುಡ್ಡಿನಲ್ಲಿ ಕೊನೆಯ ಹತ್ತು ಮಹಡಿಗಳನ್ನು ಸ್ವಲ್ಪ ಒಳಕ್ಕೆ ಸರಿಸಿ ಆಕಾರ ಕೊಡಬಹುದಿತ್ತು, ಅದು ದೂರದಿಂದಲೂ ಕಾಣುತ್ತಿತ್ತು. ಎಲ್ಲ ಕಟ್ಟಡಕ್ಕೂ ಈ ಮಾತು ಹೊಂದುತ್ತದೆ ಅಂತಲ್ಲ. ಜಾಗ, ನೆರೆಯ ಕಟ್ಟಡಗಳು, ಆಕಾಶದ ಬಣ್ಣ ಎಲ್ಲ ನೋಡಬೇಕು.

ಸೂಜಿಯ ಲೆಕ್ಕ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ 2013ರ ನವೆಂಬರ್ ನೆನಪಿಸಿಕೊಳ್ಳಿ. ನ್ಯೂಯಾರ್ಕಿನ ಒನ್ ವರ್ಲ್ಡ್ ಟ್ರೇಡ್ ಸೆಂಟರಿನ ಛಾವಣಿ 417 ಮೀಟರ್. ಮೇಲಿನ ಕಂಬ ಸೇರಿದರೆ 541. ಅದು ಕಟ್ಟಡದ ಭಾಗವೋ ಬರೀ ಆಂಟೆನಾವೋ ಅಂತ ಎತ್ತರದ ಕಟ್ಟಡಗಳ ಕೌನ್ಸಿಲ್ ಸಭೆ ಸೇರಿ, ಕಟ್ಟಡದ ಭಾಗವೇ ಅಂತ ತೀರ್ಮಾನ ಕೊಟ್ಟಿತು. ಅದುವರೆಗೆ ಅಮೆರಿಕದಲ್ಲೇ ಅತಿ ಎತ್ತರದ್ದಾಗಿದ್ದ, ಛಾವಣಿ 442 ಮೀಟರ್ ಇರುವ ವಿಲ್ಲಿಸ್ ಟವರ್ ಆ ತೀರ್ಮಾನದಿಂದ ಎರಡನೆಯದಾಯಿತು. ಅದರ ಆಂಟೆನಾಗಳನ್ನು ಸೇರಿಸಿದರೆ 527, ಆದರೆ ಆಂಟೆನಾ ಲೆಕ್ಕಕ್ಕಿಲ್ಲ. ಮಾರನೆಯ ದಿನ ಸರೋವರದ ದಂಡೆಯಿಂದ ಕಾಣುತ್ತಿದ್ದ ನೋಟದಲ್ಲಿ ಒಂದಿಂಚೂ ಬದಲಾಗಿರಲಿಲ್ಲ.

ಆಡ್ಲರಿನಿಂದ ವಿಲ್ಲಿಸ್ ನೋಡುವಾಗ ಅದರ ಎತ್ತರಕ್ಕಿಂತ ಮೆಟ್ಟಿಲುಗಳನ್ನು ನೋಡಿ. ಫಜ್ಲುರ್ ಖಾನ್ ಎಂಬ ಢಾಕಾ ಮೂಲದ ಎಂಜಿನಿಯರ್ ಮತ್ತು ಬ್ರೂಸ್ ಗ್ರಹಾಂ ಎಂಬ ವಾಸ್ತುಶಿಲ್ಪಿ ಸೇರಿ ಮಾಡಿದ್ದು. ಒಂಬತ್ತು ಚೌಕ ಕೊಳವೆಗಳನ್ನು ಕಟ್ಟಾಗಿ ಕಟ್ಟಿ ನಿಲ್ಲಿಸಿದ ಹಾಗೆ. ಎರಡು 50ನೇ ಮಹಡಿಗೆ ನಿಲ್ಲುತ್ತವೆ, ಎರಡು 66ಕ್ಕೆ, ಮೂರು 90ಕ್ಕೆ. ಕೊನೆಯ ಎರಡು ಮಾತ್ರ ತುದಿಗೆ ಹೋಗುತ್ತವೆ. ಹಾಗಾಗಿ ನೀವು ಸುತ್ತು ಹಾಕಿದಂತೆಲ್ಲ ಅದರ ಆಕಾರ ಬದಲಾಗುತ್ತದೆ. ಇಷ್ಟು ವರ್ಷ ಕಳೆದರೂ ನನಗೆ ನೋಡಿ ಸಾಕಾಗಿಲ್ಲ.

ಇನ್ನೊಂದು ವಿಷಯ. ಸ್ಕೈಲೈನಿನ ಅರ್ಧ ಭಾಗ ಕಟ್ಟಡದ ಮುಂದಿನ ಖಾಲಿ ಜಾಗ. ಚಿಕಾಗೋದ ಸರೋವರದ ದಂಡೆಯಲ್ಲಿ ಏನೂ ಕಟ್ಟದೆ, ಎಂದೆಂದಿಗೂ ತೆರೆದೇ ಇಡಬೇಕು ಅಂತ 1836ರ ಒಂದು ನಕ್ಷೆಯ ಮೇಲೆ ಬರೆದಿದ್ದರು. ಆಮೇಲೆ ಊರು ಬೆಳೆದು ಆ ಜಾಗದ ಮೇಲೆ ಎಲ್ಲರ ಕಣ್ಣು ಬಿತ್ತು. ಮಾಂಟ್‌ಗಮರಿ ವಾರ್ಡ್ ಎಂಬ ವ್ಯಾಪಾರಿ 1890ರಿಂದ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದು ಅದನ್ನು ಉಳಿಸಿದ. ಇವತ್ತಿನ ಗ್ರ್ಯಾಂಟ್ ಪಾರ್ಕ್ ಅದು. ಆ ಹುಲ್ಲುಹಾಸು ಇಲ್ಲದೆ ಹೋಗಿದ್ದರೆ ಮಿಷಿಗನ್ ಅವೆನ್ಯೂದಲ್ಲಿ ಗೋಡೆಯಂತೆ ನಿಂತ ಕಟ್ಟಡಗಳ ಸಾಲು ನಮಗೆ ಕಾಣುತ್ತಲೇ ಇರಲಿಲ್ಲ. ಮಹಡಿ ಎಣಿಸಿ ಅಂಕ ಕೊಡುವ ಪಟ್ಟಿಗಳಲ್ಲಿ ಈ ಮನುಷ್ಯನಿಗೆ ಒಂದು ಅಂಕವೂ ಇಲ್ಲ. ನನಗೆ ಬೇಸರ ಆಗುವುದು ಇದಕ್ಕೇ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮವರು ಕೇಳುವ ಪ್ರಶ್ನೆಯೂ ಇದೆ. ‘ಇಷ್ಟು ದೊಡ್ಡ ಕಂಪನಿಗಳಿವೆ, ಇಷ್ಟು ದುಡ್ಡಿದೆ, ನಮ್ಮೂರಿಗೆ ಯಾಕೆ ಒಂದು ಸ್ಕೈಲೈನ್ ಇಲ್ಲ?’ ಕೇಳುವಾಗ ದನಿಯಲ್ಲಿ ಸ್ವಲ್ಪ ಅವಮಾನ ಇರುತ್ತದೆ. ಅವಮಾನ ಪಡುವಂಥದ್ದು ಏನೂ ಇಲ್ಲ. ವಿಮಾನ ನಿಲ್ದಾಣ ಡೌನ್‌ಟೌನಿಗೆ ಅಂಟಿಕೊಂಡಿದೆ. ಇಳಿಯುವ ವಿಮಾನಗಳು ನೆತ್ತಿಯ ಮೇಲೇ ಹಾದುಹೋಗುತ್ತವೆ. ಅಲ್ಲಿ 100 ಮೀಟರ್ ಮುಟ್ಟಿದ ಕಟ್ಟಡ ಒಂದೂ ಇಲ್ಲ. ಸ್ಯಾನ್ ಡಿಯೇಗೋದಲ್ಲೂ ವಿಮಾನಗಳ ಕಾರಣಕ್ಕೇ 500 ಅಡಿಯ ಮಿತಿ ಇದೆ. ಹಾಗಾಗಿ ಅಲ್ಲಿನ ಕಟ್ಟಡಗಳ ತಲೆ ಕತ್ತರಿಯಲ್ಲಿ ಸಮ ಮಾಡಿದ ಹಾಗೆ ಕಾಣುತ್ತದೆ. ಲಾಸ್ ಏಂಜಲೀಸಿನಲ್ಲಿ 1974ರಿಂದ 2014ರವರೆಗೆ ಎತ್ತರದ ಕಟ್ಟಡಗಳ ಮೇಲೆ ಹೆಲಿಕಾಪ್ಟರ್ ಇಳಿಯಲು ಜಾಗ ಬಿಡಬೇಕಿತ್ತು. ಅಲ್ಲಿನ ಚಪ್ಪಟೆ ತಲೆಗಳಿಗೆ ಅದು ದೊಡ್ಡ ಕಾರಣ. ಕಲ್ಪನೆ ಇಲ್ಲದ ಊರು ಅಂತ ಬೈಯುವವರಿಗೆ ಇದು ಗೊತ್ತಿರುವುದಿಲ್ಲ. ವಾಷಿಂಗ್ಟನ್ನಿನಲ್ಲಿ 1910ರ ಕಾಯ್ದೆ ರಸ್ತೆಯ ಅಗಲ ನೋಡಿ ಕಟ್ಟಡದ ಎತ್ತರ ಹೇಳುತ್ತದೆ. ಫಿಲಡೆಲ್ಫಿಯಾದಲ್ಲಿ ಕಾಯ್ದೆಯೂ ಇರಲಿಲ್ಲ, ಬರೀ ಬಾಯಿಮಾತು: ಸಿಟಿ ಹಾಲ್ ಮೇಲಿನ ವಿಲಿಯಂ ಪೆನ್ ಪ್ರತಿಮೆಯ ಟೋಪಿಗಿಂತ ಮೇಲೆ ಯಾರೂ ಕಟ್ಟಬಾರದು. 1987ರಲ್ಲಿ ಒನ್ ಲಿಬರ್ಟಿ ಪ್ಲೇಸ್ ಅದನ್ನು ಮೀರುವವರೆಗೂ ಜನ ಆ ಮಾತಿಗೆ ಬೆಲೆ ಕೊಟ್ಟರು. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ನ್ಯೂಯಾರ್ಕ್ ಬಗ್ಗೆ ಕೇಳದೆ ಯಾರೂ ಬಿಡುವುದಿಲ್ಲ. ನನ್ನ ಮಟ್ಟಿಗೆ ಅದು ಎರಡು ಸ್ಕೈಲೈನ್. ಬ್ರೂಕ್ಲಿನ್ ಹೈಟ್ಸ್ ದಂಡೆಯಲ್ಲಿ ನಿಂತರೆ ಎದುರಿಗೆ ಕಾಣುವುದು ಮ್ಯಾನ್‌ಹಾಟನ್ನಿನ ಕೆಳತುದಿ. ನ್ಯೂಜೆರ್ಸಿಯ ವೀಹಾಕನ್ ಬಂಡೆಯ ಮೇಲೆ ನಿಂತರೆ ಮಿಡ್‌ಟೌನ್. ನಡುವೆ ಕಿಲೋಮೀಟರುಗಟ್ಟಲೆ ತಗ್ಗು ಕಟ್ಟಡಗಳ ಸಾಲು. ಯಾವುದನ್ನು ಇಷ್ಟಪಟ್ಟಿರಿ ಅಂತ ಹೇಳಿದರೆ ಮುಂದಿನ ಮಾತು ಆಡಬಹುದು. ಚಿಕಾಗೋ ಜೊತೆ ಹೋಲಿಸಲೇಬೇಕು ಅಂದರೆ, ಆಡ್ಲರಿನ ನೋಟವೇ ನನಗೆ ಹೆಚ್ಚು, ಒಂದೇ ಗುಕ್ಕಿಗೆ ಇಡೀ ಊರು ಸಿಗುತ್ತದೆ. ನಾನು ಇಲ್ಲೇ ಇರುವವಳು ಅನ್ನುವುದನ್ನೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆದರೆ ನನ್ನ ಮನಸ್ಸು ಹಿಡಿದಿಟ್ಟ ನೋಟ ಪಟ್ಟಿಗಳ ಮೇಲ್ಭಾಗದಲ್ಲಿ ಯಾವತ್ತೂ ಇರದ ಊರಿನದು. ಮಕ್ಕಳು ಚಿಕ್ಕವರಿದ್ದಾಗ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಹೋಗುತ್ತಿದ್ದೆವು. ಒಂದು ಸಲ ವಿಮಾನ ನಿಲ್ದಾಣದ ಕಡೆಯ ದಾರಿಯಲ್ಲಿ ಬಂದೆವು. ಎರಡೂ ಕಡೆ ಬರೀ ಗುಡ್ಡ, ಮರ. ಊರಿನ ಸುಳಿವೇ ಇಲ್ಲ. ಆಮೇಲೆ ಫೋರ್ಟ್ ಪಿಟ್ ಸುರಂಗ, ಒಂದು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಉದ್ದ, ಹಳದಿ ದೀಪ. ಹಿಂದಿನ ಸೀಟಿನಲ್ಲಿ ಅತ್ತೆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಪುಳಿಯೋಗರೆ ಹಂಚುತ್ತಿದ್ದರು. ಸುರಂಗ ಮುಗಿಯಿತು. ನೇರ ಸೇತುವೆಯ ಮೇಲೆ ಬಂದೆವು. ಕೆಳಗೆ ನದಿ, ಎದುರಿಗೆ ಮುಖಕ್ಕೆ ಮುಖ ಕೊಟ್ಟು ಇಡೀ ಪಿಟ್ಸ್‌ಬರ್ಗ್. ಅಲ್ಲಿನ ಅತಿ ಎತ್ತರದ ಕಟ್ಟಡ 256 ಮೀಟರ್. ಅತ್ತೆ ಚಮಚ ಹಾಗೇ ಹಿಡಿದುಕೊಂಡು, ‘ಅಯ್ಯೋ, ಇದು ಎಲ್ಲಿಂದ ಬಂತೇ!’ ಅಂದರು. ವಾಪಸ್ ಬರುವಾಗ ಅದೇ ಸುರಂಗ, ಆದರೆ ಊರು ಬೆನ್ನ ಹಿಂದೆ ಇತ್ತು. ಅತ್ತೆ ಸೇತುವೆ ಮುಗಿಯುವ ತನಕ ಹಿಂದಿನ ಗಾಜಿನಲ್ಲಿ ತಿರುಗಿ ನೋಡುತ್ತಲೇ ಕೂತಿದ್ದರು.